ಒತ್ತಿ ಕಾಯುವ ಕೈ

ಸ್ಕಾರ್‌ಬರೋ

ಚೇತನ,

ಬೆನ್ನು ಹಿಡಿದುಕೊಂಡಿದೆ, ಮಯೋಫೇಶಿಯಲ್ ರಿಲೀಸ್ ಮಸಾಜ್ ಮಾಡಿಸಿಕೋ ಅಂತ ಸ್ನೇಹಿತರು ಹೇಳುತ್ತಿದ್ದಾರೆ, ಹೋಗಲೋ ಬೇಡವೋ ಅಂತ ನೀನು ಕೇಳಿದ್ದೆ. ನಾನು ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಮಿಸ್ಸಿಸಾಗದ ವೇರ್‌ಹೌಸಿನಲ್ಲಿ ರಾತ್ರಿಯಿಡೀ ಪೆಟ್ಟಿಗೆ ಎತ್ತಿ, ಬೆಳಗಿನ ಚಳಿಯಲ್ಲಿ 401ರ ಮೇಲೆ ಮಿಲ್ಟನ್‌ವರೆಗೆ ಕಾರು ಓಡಿಸುವವನ ಬೆನ್ನು ಅದು. ಅರ್ಧ ಉತ್ತರ ಸಾಲದು. ಹೋಗು. ಆದರೆ ಅಲ್ಲಿ ಏನು ನಡೆಯುತ್ತದೆ ಅಂತ ತಿಳಿದುಕೊಂಡು ಹೋಗು.

ನಮ್ಮೂರ ಕಡೆ ಉಳುಕಿದರೆ ಎಣ್ಣೆ ಹಚ್ಚಿ ನೀವುತ್ತಾರೆ. ಮೈಸೂರಿನ ಗರಡಿಗಳಲ್ಲಿ ಪೈಲ್ವಾನರ ಮೈಯನ್ನೂ ಎಣ್ಣೆ ಹಚ್ಚಿ ತಿಕ್ಕಿಯೇ ಹದ ಮಾಡುವುದು. ನನ್ನ ಭುಜಕ್ಕೆ ಈ ಚಿಕಿತ್ಸೆ ಕೊಟ್ಟ ಹುಡುಗಿ, ಇಲ್ಲೇ ಸೆಂಟೆನಿಯಲ್ ಕಾಲೇಜಿನಲ್ಲಿ ಕಲಿತವಳು, ಎಣ್ಣೆಯ ಬಾಟಲಿಯನ್ನು ಮುಟ್ಟಲೇ ಇಲ್ಲ. ಎಣ್ಣೆ ಇದ್ದರೆ ಕೈ ಜಾರುತ್ತದೆ, ಇದರಲ್ಲಿ ಕೈ ಜಾರಬಾರದು. ಅಂಗೈಯನ್ನೋ ಬೆರಳುಗಳನ್ನೋ ಊರಿ, ಹದವಾಗಿ ಒತ್ತಿ, ಒಂದು ದಿಕ್ಕಿಗೆ ತುಸು ಎಳೆದು ಅಲ್ಲೇ ನಿಲ್ಲುತ್ತಾರೆ. ಒಂದೂವರೆ ನಿಮಿಷ, ಎರಡು ನಿಮಿಷ, ಕೆಲವು ಕಡೆ ಐದು. ಕೆಳಗಿನ ಬಿಗಿ ತಾನಾಗಿ ಸಡಿಲುವ ತನಕ ಕಾಯುತ್ತಾರೆ.

ಸಡಿಲುವುದು ಯಾವುದು? ಇಲ್ಲಿನ ಚೀನೀ ಅಂಗಡಿಗಳಲ್ಲಿ ಚಕ್ಕೋತ ಸಿಗುತ್ತದೆ, ತಂದು ಬಿಡಿಸಿ ನೋಡು. ರಸದ ಒಂದೊಂದು ಎಸಳಿಗೂ ತೆಳ್ಳನೆಯ ಪೊರೆ, ಎಸಳುಗಳು ಸೇರಿದ ತೊಳೆಗೆ ಇನ್ನೊಂದು, ತೊಳೆಗಳನ್ನೆಲ್ಲ ಒಟ್ಟಿಗೆ ಹಿಡಿಯಲು ಮತ್ತೊಂದು. ಸ್ನಾಯುವೂ ಹಾಗೇ. ಎಳೆಗೊಂದು ಹೊದಿಕೆ, ಎಳೆಗಳ ಕಟ್ಟಿಗೊಂದು, ಇಡೀ ಸ್ನಾಯುವಿಗೊಂದು. ಈ ಹೊದಿಕೆಗಳ ಜಾಲವೇ ಫೇಶಿಯಾ. ಅದರಲ್ಲಿ ಮುಖ್ಯವಾಗಿರುವುದು ಕೊಲಾಜನ್. ಪದರಗಳು ಒಂದರ ಮೇಲೊಂದು ಜಾರಲಿ ಅಂತ ನಡುವೆ ಹಯಲುರೊನಾನ್ ಎಂಬ ಲೋಳೆಯಂಥ ದ್ರವ್ಯ. ನರಗಳ ತುದಿಗಳೂ ಅಲ್ಲಿ ಬೇಕಾದಷ್ಟಿವೆ.

ಅಂಟಿಕೊಂಡ ಫೇಶಿಯಾವನ್ನು ಕೈಯಿಂದ ಬಿಡಿಸುತ್ತೇವೆ, ಮೈಯ ವಿಷವನ್ನೆಲ್ಲ ಹೊರಗೆ ಹಾಕುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ತೊಡೆಯ ಹೊರಬದಿಯ ಮತ್ತು ಅಂಗಾಲಿನ ದಪ್ಪ ಫೇಶಿಯಾವನ್ನು ನೂರಕ್ಕೆ ಒಂದರಷ್ಟು ಅದುಮಲೂ ಮನುಷ್ಯರ ಕೈಬಲ ಸಾಲದು ಅಂತ 2008ರಲ್ಲೇ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಮತ್ತೆ ಹಿತವಾಗುವುದು ಹೇಗೆ? ಬಹುಮಟ್ಟಿಗೆ ನರಗಳ ಮೂಲಕ. ನಿಧಾನದ, ನಿಂತ ಒತ್ತಡವನ್ನು ಅವು ಮಿದುಳಿಗೆ ಮುಟ್ಟಿಸುತ್ತವೆ, ಕಾವಲಿಗೆ ನಿಂತ ಹಾಗೆ ಬಿಗಿದುಕೊಂಡಿದ್ದ ಸ್ನಾಯು ಸಡಿಲುತ್ತದೆ. ಬಹಳ ದಿನದ ಸೊಂಟನೋವಿನವರಲ್ಲಿ ಅಧ್ಯಯನಗಳು ಕಂಡಿರುವುದು ಸಾಧಾರಣ ಪ್ರಯೋಜನ, ಪವಾಡವಲ್ಲ. ಆದ್ದರಿಂದ ಜೋರಾಗಿ ಒತ್ತಿಸಿಕೊಂಡಷ್ಟೂ ಒಳ್ಳೆಯದು ಅಂತ ಹಲ್ಲು ಕಚ್ಚಿಕೊಂಡು ಮಲಗಬೇಡ ಕಂದಾ. ಸಾಕು ಅನ್ನಿಸಿದ ಕ್ಷಣ ಸಾಕು ಅನ್ನು. ನಿಲ್ಲಿಸುವುದು ಅವರ ಕರ್ತವ್ಯ.

ಇನ್ನೊಂದು ಸಂಗತಿ ನಿನಗೆ ಇಷ್ಟವಾಗಬಹುದು. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಗೆ ವಿಪರೀತ ಬೆನ್ನುನೋವಿತ್ತು. ಅವರ ವೈದ್ಯೆ ಜ್ಯಾನೆಟ್ ಟ್ರಾವೆಲ್ ಸ್ನಾಯುವಿನೊಳಗಿನ ನೋವಿನ ಗಂಟುಗಳನ್ನು ಜೀವಮಾನವಿಡೀ ಅಭ್ಯಾಸ ಮಾಡಿದವರು. ಡೇವಿಡ್ ಸೈಮನ್ಸ್ ಜೊತೆ ಸೇರಿ 1983ರಲ್ಲಿ ಅದರ ಮೇಲೆ ದೊಡ್ಡ ಗ್ರಂಥವನ್ನೇ ಹೊರತಂದರು. ಗಂಟು ಒಂದು ಕಡೆ, ನೋವು ಇನ್ನೊಂದು ಕಡೆ ಇರಬಹುದು ಅಂತ ಅವರು ನಕ್ಷೆ ಬರೆದು ತೋರಿಸಿದರು. ಕುತ್ತಿಗೆ ಭುಜ ಸೇರುವಲ್ಲಿ ಗಂಟಿದ್ದರೆ ಕಣತಲೆ ಸಿಡಿಯಬಹುದು. ಹಾಗಾಗಿ ನೀನು ಸೊಂಟ ತೋರಿಸಿದರೆ ಅವರು ಪಿರ್ರೆಯ ಪಕ್ಕ ಒತ್ತಿ ನೋಡಿಯಾರು, ಗಾಬರಿಯಾಗಬೇಡ. ಯಾಕೆ ಅಂತ ಕೇಳು, ಹೇಳುತ್ತಾರೆ.

ಯಾರ ಹತ್ತಿರ ಹೋಗುತ್ತೀ ಅನ್ನುವುದನ್ನೂ ನೋಡಿಕೋ. ಒಂಟಾರಿಯೊದಲ್ಲಿ 1991ರ ಕಾನೂನಿನ ಪ್ರಕಾರ ನೋಂದಣಿ ಇಲ್ಲದವರು ಮಸಾಜ್ ಥೆರಪಿಸ್ಟ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ಕಾಲೇಜ್ ಆಫ್ ಮಸಾಜ್ ಥೆರಪಿಸ್ಟ್ಸ್ ಆಫ್ ಒಂಟಾರಿಯೊದ ಪಟ್ಟಿಯಲ್ಲಿ ಹೆಸರಿದೆಯೇ ಅಂತ ನೀನೇ ಹುಡುಕಿ ನೋಡಬಹುದು. ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಓಹಿಪ್ ಇದಕ್ಕೆ ದುಡ್ಡು ಕೊಡುವುದಿಲ್ಲ. ಕಂಪನಿಯ ವಿಮೆ ಕೊಡಬಹುದು. ಕೆಲವು ವಿಮೆಗಳು ಡಾಕ್ಟರ ಚೀಟಿ ಕೇಳುತ್ತವೆ.

ಮಾಡಿಸಿಕೊಂಡ ಮರುದಿನ ಮೈ ಸ್ವಲ್ಪ ನೋಯಬಹುದು. ಆಮೇಲಿನ ಹಗುರಾದ ದಿನಗಳೇ ಎಲ್ಲಕ್ಕಿಂತ ಮುಖ್ಯ, ಇದನ್ನು ಹೇಳಲೆಂದೇ ಕಾಗದ ಬರೆಯುತ್ತಿದ್ದೇನೆ. ನೋವು ತಗ್ಗಿತು ಅಂತ ಸೋಫಾದಲ್ಲಿ ಬಿದ್ದುಕೊಳ್ಳಬೇಡ. ನಡೆ, ಮೆಲ್ಲಗೆ ಬಾಗು, ನಿಧಾನವಾಗಿ ಭಾರ ಎತ್ತುವುದನ್ನು ಅಭ್ಯಾಸ ಮಾಡು. ಮೇಜಿನ ಮೇಲೆ ಮಲಗಿ ಸಿಕ್ಕ ಹಿತ ಬೇಗ ಕರಗುತ್ತದೆ; ಬೆನ್ನಿಗೆ ಬಲ ಬರುವುದು ಬೆನ್ನು ಕೆಲಸ ಮಾಡಿದಾಗ. ನೀನು ಕ್ರಿಕೆಟ್ ಆಡುವ ಟೆನಿಸ್ ಬಾಲನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು, ಬೆನ್ನುಮೂಳೆಯ ಮೇಲೆ ಬಾರದಂತೆ ಪಕ್ಕದ ಸ್ನಾಯುವಿಗೆ ಒಂದು ನಿಮಿಷ ಒರಗು. ಅದಕ್ಕೆ ಯಾರ ವಿಮೆಯೂ ಬೇಡ.

ಕಾಲು ಜೋಮು ಹಿಡಿದು ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಬೆನ್ನುನೋವಿನ ಜೊತೆ ಜ್ವರ ಬಂದರೆ ಮಸಾಜಿನ ಮಾತೇ ಬೇಡ, ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗು. ಮೀನಖಂಡ ಊದಿ ಬಿಸಿಯಾಗಿದ್ದರೂ ಅಷ್ಟೇ; ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ಯಾರೂ ಒತ್ತಬಾರದು.

ಇವುಗಳಲ್ಲಿ ಒಂದಾದರೂ ನಿನಗೆ ಇದೆಯೇ? ಅಮ್ಮನಿಂದ ಮುಚ್ಚಿಟ್ಟರೂ ನನಗೆ ಹೇಳು. ವಿಮೆಯ ಕಾಗದ ಓದಿ ಅರ್ಥವಾಗದಿದ್ದರೆ ಭಾನುವಾರ ತೆಗೆದುಕೊಂಡು ಬಾ, ಇಬ್ಬರೂ ಕೂತು ನೋಡೋಣ.

ನಿನ್ನ ದೊಡ್ಡಮ್ಮ