ಹಾಸಿಗೆ ಹಿಡಿದವರ ಆರೈಕೆ: ಮನೆಮಂದಿ ತಿಳಿದಿರಬೇಕಾದ ಆರು ವಿಷಯಗಳು

ಕಳೆದ ಬೇಸಿಗೆಯಲ್ಲಿ ಚಿತ್ತಾಪುರ ಸಮೀಪದ ಹಳ್ಳಿಯೊಂದಕ್ಕೆ ರೋಗಿಯನ್ನು ನೋಡಲು ಹೋಗಿದ್ದೆ. ಆಯುಷ್ಯವೆಲ್ಲ ಕಲ್ಲಿನ ಗಣಿಯಲ್ಲಿ ದುಡಿದ ಹಿರಿಯರು ಪಾರ್ಶ್ವವಾಯುವಿನಿಂದ ಎಂಟು ತಿಂಗಳಿಂದ ಹಾಸಿಗೆಯಲ್ಲಿದ್ದರು. ಮನೆಯವರು ಒಂದು ಹೊತ್ತಿನ ಗುಳಿಗೆಯನ್ನೂ ತಪ್ಪಿಸಿರಲಿಲ್ಲ. ಆದರೂ ನಾಲಿಗೆ ಒಣಗಿತ್ತು, ಮೂತ್ರ ಕಡು ಹಳದಿಯಾಗಿತ್ತು, ಸೊಂಟದ ಕೆಳಗೆ ಹುಣ್ಣಾಗಿತ್ತು.

"ನೀರು ಯಾಕೆ ಕುಡಿಯೋದಿಲ್ಲ, ಚಾಚಾ?" ಎಂದು ಕೇಳಿದೆ. ಸೊಸೆ ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ನೀರು ಕುಡದ್ರ ಮತ್ತ ಮತ್ತ ಮೂತ್ರ ಬರ್ತದ, ಡಾಕ್ಟರ್ ಸಾಬ್. ಸೊಸಿಗೆ ಹ್ಯಾಂಗ ಹೇಳ್ಲಿ?"

ಆ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಒಬ್ಬ ಮನುಷ್ಯ ನಾಚಿಕೆಯಿಂದ ಬಾಯಾರಿಕೆ ತಡೆದುಕೊಂಡಿದ್ದು ಯಾರಿಗೂ ಗೊತ್ತಾಗಿರಲಿಲ್ಲ. ಅಂದಿನಿಂದ ನಾನು ಯಾವ ಮನೆಗೆ ಹೋದರೂ ಔಷಧಿ ಚೀಟಿ ನೋಡುವ ಮೊದಲು ರೋಗಿಯ ಬೆನ್ನು ನೋಡುತ್ತೇನೆ. ತನಗೆ ಬೇಕಾದದ್ದನ್ನು ಕೇಳಲು ಅವರಿಗೆ ಸಂಕೋಚವಿದೆಯೇ ಎಂದು ವಿಚಾರಿಸುತ್ತೇನೆ.

ಯುನಾನಿ ವೈದ್ಯಶಾಸ್ತ್ರದಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎಂಬ ಪಾಠವಿದೆ. ಬದುಕಿಗೆ ಅನಿವಾರ್ಯವಾದ ಆರು ಸಂಗತಿಗಳು ಎಂದರ್ಥ. ಆರೋಗ್ಯವಂತ ಈ ಆರನ್ನೂ ತಾನೇ ನೋಡಿಕೊಳ್ಳುತ್ತಾನೆ. ಸೆಕೆಯಾದರೆ ಕಿಟಕಿ ತೆರೆಯುತ್ತಾನೆ, ನಿದ್ದೆಯಲ್ಲೇ ಮಗ್ಗುಲು ಬದಲಿಸುತ್ತಾನೆ. ಹಾಸಿಗೆ ಹಿಡಿದವರ ಪಾಲಿಗೆ ಆರೂ ನಮ್ಮ ಕೈಯಲ್ಲಿವೆ.

1. ಗಾಳಿ: ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಲ್ಲಿನ ಮಾಳಿಗೆ ಹಗಲಿನ ಕಾವನ್ನು ರಾತ್ರಿಯೂ ಬಿಡುತ್ತಿರುತ್ತದೆ. ರೋಗಿಯನ್ನು ಮೂಲೆಯ ಕೋಣೆಗೆ ಹಾಕಬೇಡಿ. ಗಾಳಿ ಆಡುವ, ಮನೆಯವರ ಮಾತು ಕೇಳುವ ಜಾಗ ಕೊಡಿ.

2. ಆಹಾರ, ನೀರು: ಮಲಗಿಸಿ ಉಣಿಸಬೇಡಿ. ದಿಂಬು ಕೊಟ್ಟು ಕೂರಿಸಿ, ಸಣ್ಣ ತುತ್ತು ಕೊಡಿ. ಉಂಡ ಮೇಲೆ ಅರ್ಧ ಗಂಟೆ ಹಾಗೆಯೇ ಕೂತಿರಲಿ. ರೊಟ್ಟಿಯಾದರೆ ಬೇಳೆಯಲ್ಲಿ ನೆನೆಸಿ, ಗಂಟಿಲ್ಲದಂತೆ ಹಿಸುಕಿ. ನುಂಗುವಾಗ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ಉಣಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ವೈದ್ಯರು ನೀರಿನ ಮಿತಿ ಹೇಳಿದ್ದರೆ ಅದನ್ನು ಪಾಲಿಸಿ. ಉಳಿದವರಿಗೆ ಕೇಳುವವರೆಗೆ ಕಾಯದೆ ಆಗಾಗ ಸ್ವಲ್ಪ ಸ್ವಲ್ಪ ನೀರು ಕೊಡಿ.

3. ದೇಹದ ಚಲನೆ, ವಿಶ್ರಾಂತಿ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಾಸಿಗೆಯ ಮೇಲೆ ಎಳೆಯಬೇಡಿ, ಇಬ್ಬರು ಸೇರಿ ಚಾದರ ಹಿಡಿದು ಎತ್ತಿ. ಬಿದ್ದುಹೋದ ಕೈಯನ್ನು ಜಗ್ಗಬೇಡಿ. ದಿನಕ್ಕೊಮ್ಮೆ ಬಾಲದೆಲುಬು, ಹಿಮ್ಮಡಿ, ಸೊಂಟದ ಬದಿ, ಮೊಣಕೈಗಳನ್ನು ನೋಡಿ. ಕೆಂಪಾದ ಜಾಗ ಬೆರಳಿನಿಂದ ಒತ್ತಿದರೂ ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಮಾಲೀಶು ನಮ್ಮ ಯುನಾನಿಯ ದೊಡ್ಡ ಚಿಕಿತ್ಸೆಯೇ ಹೌದು. ಆದರೂ ಆ ಕೆಂಪು ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗಿನ ಮಾಂಸ ಇನ್ನಷ್ಟು ಕೆಡುತ್ತದೆ. ಅಲ್ಲಿ ಭಾರ ಬೀಳದಂತೆ ಮಲಗಿಸಿ.

4. ಮನಸ್ಸು: ರೋಗಿಯ ಎದುರಿಗೇ ಅವರ ಬಗ್ಗೆ, ಅವರು ಇಲ್ಲವೇನೋ ಎಂಬಂತೆ ಮಾತಾಡಬೇಡಿ. ಬಟ್ಟೆ ಸರಿಸುವ ಮುನ್ನ ಹೇಳಿ, ಬಾಗಿಲು ಮುಚ್ಚಿ. "ನೋವಿದೆಯೇ?" ಎಂದು ದಿನವೂ ಕೇಳಿ. ಮಾತು ಬಾರದವರ ಮುಖ ನೋಡಿ. ವುಝೂ ಸಾಧ್ಯವಿಲ್ಲದವರಿಗೆ ತಯಮ್ಮುಮ್ ಇದೆ, ಮಲಗಿಯೇ ಸನ್ನೆಯಿಂದ ನಮಾಝ್ ಮಾಡುವ ಅವಕಾಶವೂ ಇದೆ. ಅದಕ್ಕೆ ನೆರವಾದರೆ ಅವರ ಮನಸ್ಸಿಗೆ ನೆಮ್ಮದಿ.

5. ನಿದ್ದೆ, ಎಚ್ಚರ: ಹಗಲೆಲ್ಲ ಕತ್ತಲೆ ಕೋಣೆಯಲ್ಲಿ ಮಲಗಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಹಗಲಲ್ಲಿ ಬೆಳಕು, ಮಾತುಕತೆ ಇರಲಿ. ನಿದ್ದೆಗುಳಿಗೆಯನ್ನು ನೀವಾಗಿಯೇ ತಂದು ಕೊಡಬೇಡಿ.

6. ವಿಸರ್ಜನೆ: ಚಾಚಾ ತಡೆದುಕೊಂಡಿದ್ದು ಇದನ್ನೇ. ಮಲಮೂತ್ರದ ಪಾತ್ರೆಯನ್ನು ಹೊತ್ತು ನೋಡಿ ನೀವೇ ತನ್ನಿ. ಮೂರು ದಿನ ಮಲ ಹೋಗದಿದ್ದರೆ ವೈದ್ಯರಿಗೆ ತಿಳಿಸಿ. ಗಂಡು ರೋಗಿಯ ಈ ಸೇವೆಯನ್ನು ಗಂಡುಮಕ್ಕಳೇ ಮಾಡಬೇಕು. ಹೆಂಡತಿಗೋ ಸೊಸೆಗೋ ಒಪ್ಪಿಸಿ "ನಮ್ಮಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎನ್ನುವುದು ಸರಿಯಲ್ಲ.

ಆರೈಕೆ ಮಾಡುವವರೂ ಮನುಷ್ಯರು. ತಿಂಗಳುಗಟ್ಟಲೆ ನಿದ್ದೆಗೆಟ್ಟ ಹೆಣ್ಣುಮಗಳು ಒಮ್ಮೆ ಸಿಡುಕಿದರೆ ಅದು ಅವಳ ಕೆಟ್ಟತನವಲ್ಲ, ದಣಿವು. ಅವಳ ಭಾರ ಹಂಚಿಕೊಳ್ಳುವ ದಾರಿ ನಮ್ಮ ಆಸುಪಾಸಿನಲ್ಲೇ ಇದೆ. ಕೇರಳದ ಕೋಝಿಕ್ಕೋಡ್‌ನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕೆಲಸ ಮುಂದೆ ಮಲಪ್ಪುರಂ ಜಿಲ್ಲೆಯಲ್ಲಿ ಊರವರದೇ ಚಳವಳಿಯಾಯಿತು. ತರಬೇತಿ ಪಡೆದ ಸಾಮಾನ್ಯ ಜನರು ವಾರಕ್ಕೆ ಕೆಲವು ಗಂಟೆ ಬಿಡುವು ಮಾಡಿಕೊಂಡು ನೆರೆಯ ರೋಗಿಗಳ ಮನೆಗೆ ಹೋಗುತ್ತಾರೆ. ನಮ್ಮ ಬೆಂಗಳೂರಿನ ಕರುಣಾಶ್ರಯವೂ 1999ರಲ್ಲಿ ತನ್ನ ಕಟ್ಟಡ ತೆರೆಯುವ ಮೊದಲೇ ಕ್ಯಾನ್ಸರ್ ರೋಗಿಗಳ ಮನೆಗಳಿಗೆ ಹೋಗಿ ಆರೈಕೆ ಆರಂಭಿಸಿತ್ತು.

ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬನಿಗಿರುವ ಹಕ್ಕು ಎಂದು ನಾವೆಲ್ಲ ಕಲಿತಿದ್ದೇವೆ. ಹಣ್ಣಿನ ಚೀಲ ಇಟ್ಟು, ಚಹಾ ಕುಡಿದು ಬಂದರೆ ಆ ಮನೆಯ ಹೆಣ್ಣುಮಕ್ಕಳಿಗೆ ಕೆಲಸ ಹೆಚ್ಚುತ್ತದೆ. ಅದರ ಬದಲು "ಒಂದು ಗಂಟೆ ನಾನಿರ್ತೀನಿ, ನೀವು ಮಲಗಿ" ಎನ್ನಿ. ಮೊಹಲ್ಲಾದ ನಾಲ್ಕು ಯುವಕರು ಸರದಿ ಮಾಡಿಕೊಂಡರೆ ಮಗ್ಗುಲು ಬದಲಿಸಲು, ಸ್ನಾನ ಮಾಡಿಸಲು ಕೈ ಸಿಗುತ್ತದೆ. ಹೆಣ್ಣು ರೋಗಿಗಳಿಗೆ ಸಹೋದರಿಯರು ಹೀಗೆಯೇ ಸೇರಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಬಳಿ ಸರಿಯಾದ ಕ್ರಮ ಕಲಿಯಿರಿ.

ಆ ಚಾಚಾರ ಮಗ ಈಗ ರಾತ್ರಿ ತಂದೆಯ ಪಕ್ಕದಲ್ಲೇ ಮಲಗುತ್ತಾನೆ. ಕೈಗೆ ಎಟಕುವಂತೆ ಒಂದು ಸ್ಟೀಲ್ ಲೋಟ, ಚಮಚ ಇಟ್ಟಿದ್ದಾರೆ, ಬೇಕಾದಾಗ ಬಡಿದು ಕರೆಯಲು. ಹುಣ್ಣು ಮಾಯಲು ಬಹಳ ದಿನ ಹಿಡಿಯಿತು. ನೀರು ಕುಡಿಯಲು ಮಾತ್ರ ಅವರು ಮರುದಿನದಿಂದಲೇ ಶುರುಮಾಡಿದರು.

ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಇಂದು ಅವರ ಪಕ್ಕದಲ್ಲಿ ಒಬ್ಬರೇ ಕೂತು ಕೇಳಿ: "ಹೇಳೋಕೆ ಸಂಕೋಚ ಆಗೋದು ಏನಾದ್ರೂ ಇದೆಯಾ?" ಉತ್ತರ ಬರುವವರೆಗೆ ಏಳಬೇಡಿ.