ಕೆರೆ ಕೋಡಿ ಬೀಳುವ ಮೊದಲು ಎಚ್ಚರಿಸುವ ಪಾಠ

ಪ್ರಶ್ನೆ: ಹೊಸೂರು ಪಕ್ಕದ ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೇ ತರಗತಿಗೆ ಪಾಠ ಮಾಡುತ್ತೇನೆ. ಮಳೆ, ಪ್ರವಾಹದಂಥ ವಿಷಯ ಇಟ್ಟುಕೊಂಡು ಮಕ್ಕಳಿಗೆ ಕೋಡಿಂಗ್ ಕಲಿಸಬಹುದು ಎಂದು ಕೇಳಿದ್ದೇನೆ. ನಮ್ಮಲ್ಲಿರುವುದು ಎರಡೇ ಕಂಪ್ಯೂಟರ್. ಎಲ್ಲಿಂದ ಶುರು ಮಾಡಲಿ?

ಉತ್ತರ: ಎರಡು ಕಂಪ್ಯೂಟರ್ ಧಾರಾಳ ಸಾಕು, ಮೇಡಂ. ಮೊದಲ ಕೆಲವು ವಾರ ಅವೂ ಬೇಡ. ನಿಮ್ಮ ಜಿಲ್ಲೆಯಲ್ಲೇ ಸುರಿದ ಒಂದು ಮಳೆಯಿಂದ ಶುರು ಮಾಡಿ.

2024ರ ನವೆಂಬರ್ 30ರ ರಾತ್ರಿ ಫೆಂಜಲ್ ಚಂಡಮಾರುತ ಪುದುಚೇರಿ ಬಳಿ ದಡ ಸೇರಿತು. ಬಲ ಕುಂದಿ ಒಳನಾಡಿಗೆ ಸರಿದ ಮೇಲೂ ಅದರ ಮಳೆ ಕುಂದಲಿಲ್ಲ. ಡಿಸೆಂಬರ್ 2ರ ಬೆಳಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಊತ್ತಂಗರೈಯಲ್ಲಿ 50 ಸೆಂ.ಮೀ. ಮಳೆಯಾಯಿತು, ಕೃಷ್ಣಗಿರಿ ಜಿಲ್ಲೆ ಇಡೀ ವರ್ಷದಲ್ಲಿ ಕಾಣುವ ಮಳೆಯ ಅರ್ಧಕ್ಕಿಂತ ಹೆಚ್ಚು. ಕೆರೆ ಉಕ್ಕಿ, ರಸ್ತೆ ಬದಿ ನಿಲ್ಲಿಸಿದ್ದ ವಾಹನಗಳು ಆಟಿಕೆಗಳಂತೆ ಕೊಚ್ಚಿಹೋದವು. ಆ ವಿಡಿಯೊವನ್ನು ನಿಮ್ಮ ಮಕ್ಕಳೂ ಮೊಬೈಲಿನಲ್ಲಿ ನೋಡಿರುತ್ತಾರೆ. ಅಷ್ಟು ನೀರು ಎಲ್ಲಿಂದ ಬಂತು ಎಂದು ಕೇಳಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಈ ಲೆಕ್ಕದಲ್ಲಿ ಒಂದು ಎಕರೆ ಹೊಲಕ್ಕೆ ಆ ದಿನ ಬಿದ್ದದ್ದು ಸುಮಾರು 20 ಲಕ್ಷ ಲೀಟರ್. ಈ ಲೆಕ್ಕವನ್ನು ಮಕ್ಕಳೇ ಬೋರ್ಡಿನ ಮೇಲೆ ಮಾಡಬೇಕು.

ಆಮೇಲೆ ಮಳೆ ಅಳೆಯಲಿ. ನೇರ ಗೋಡೆಯ, ತಳ ಚಪ್ಪಟೆಯಾದ ಒಂದು ಡಬ್ಬ ಸಾಕು; ಅದರಲ್ಲಿ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಹವಾಮಾನ ಇಲಾಖೆಯವರು ಬೆಳಗ್ಗೆ 8.30ಕ್ಕೆ ಓದುತ್ತಾರೆ, ನೀವೂ ಅದೇ ಹೊತ್ತಿಗೆ ಓದಿಸಿ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಮಳೆ ಇಷ್ಟಿದ್ದರೆ ಹೀಗೆ ಹೇಳು, ಇಲ್ಲದಿದ್ದರೆ ಹಾಗೆ ಹೇಳು ಎಂದು ಮಕ್ಕಳು ನೋಟ್‌ಬುಕ್‌ನಲ್ಲಿ ಬರೆದ ದಿನ ಅವರ ಮೊದಲ ಪ್ರೋಗ್ರಾಂ ಸಿದ್ಧ. ಅದನ್ನೇ ಸ್ಕ್ರ್ಯಾಚ್‌ಗೆ ಏರಿಸಬಹುದು. ಎಂಐಟಿಯವರು 2007ರಲ್ಲಿ ಹೊರತಂದ ಈ ಉಚಿತ ತಂತ್ರಾಂಶದಲ್ಲಿ ಬಣ್ಣದ ತುಂಡುಗಳನ್ನು ಜೋಡಿಸಿದರಾಯಿತು. ವೇರಿಯಬಲ್‌ಗಳಿಗೆ ‘ಮಳೆ’, ‘ಕೆರೆಮಟ್ಟ’ ಎಂದು ಕನ್ನಡದಲ್ಲೇ ಹೆಸರಿಡಬಹುದು. ದಯವಿಟ್ಟು ಹಾಗೇ ಇಡಿಸಿ.

ನಿಜವಾದ ಪಾಠ ಇಲ್ಲಿಂದ ಮುಂದಿದೆ, ಅವಸರ ಮಾಡಬೇಡಿ. ನಿಮ್ಮೂರಿಗೆ ಎಷ್ಟು ಮಳೆಗೆ ಎಚ್ಚರಿಕೆ ಕೊಡಬೇಕು? ಇಲಾಖೆಯ ಅಂಕಿ ಇಡೀ ದೇಶಕ್ಕೆ. ಬೇಸಿಗೆ ಕಳೆದು ಬಿರುಕು ಬಿಟ್ಟ ಕೆರೆಗೆ 65 ಮಿ.ಮೀ. ಸುರಿದರೆ ಊರಿಗೆ ಸಂಭ್ರಮ. ಕಾರ್ತಿಕದಲ್ಲಿ ತುಂಬಿ ನಿಂತ ಕೆರೆಗೆ ಅದರ ಅರ್ಧ ಸುರಿದರೂ ಕೋಡಿ ಬೀಳಬಹುದು. ಹಾಗಾಗಿ ಮಳೆಯ ಅಂಕಿಯ ಜೊತೆಗೆ ಕೆರೆಯ ಮಟ್ಟವೂ ಷರತ್ತಿನೊಳಗೆ ಬರಬೇಕು. ನಮ್ಮ ಸೀಮೆಯ ಕೆರೆಗಳು ಸಾಲು ಕೆರೆಗಳು. ಮೇಲಿನದರ ಕೋಡಿ ನೀರೇ ಕೆಳಗಿನದಕ್ಕೆ ಒಳಹರಿವು. ಮೂರು ಕೆರೆಗಳ ಒಂದು ಸಾಲನ್ನು ಮಕ್ಕಳು ಪ್ರೋಗ್ರಾಂನಲ್ಲಿ ಕಟ್ಟಲಿ, ಮೇಲಿನದು ತುಂಬಿದ ಮೇಲೆ ಹೆಚ್ಚಾದದ್ದು ಕೆಳಕ್ಕೆ ಹರಿಯಲಿ. ನಡುವಿನ ಕೆರೆಯಲ್ಲಿ ಹೂಳು ತುಂಬಿದೆ ಎಂದು ಅದರ ಅಳತೆ ಅರ್ಧಕ್ಕಿಳಿಸಿದರೆ ಕೆಳಗಿನ ಊರಿಗೆ ಏನಾಗುತ್ತದೆ ಎಂಬುದು ಪರದೆಯ ಮೇಲೆ ಕಣ್ಣಿಗೆ ಕಟ್ಟುತ್ತದೆ. ಎಚ್ಚರಿಕೆಯ ಅಂಕಿ ತೀರ ಕಡಿಮೆ ಇಟ್ಟರೆ ದಿನವೂ ಸೈರನ್ ಮೊಳಗಿ ಯಾರೂ ಕಿವಿಗೊಡುವುದಿಲ್ಲ. ಹೆಚ್ಚಿಟ್ಟರೆ ನೀರು ಬಾಗಿಲಿಗೆ ಬಂದ ಮೇಲೆ ಮೊಳಗುತ್ತದೆ. ಇದರ ಬಗ್ಗೆ ಮಕ್ಕಳು ಜಗಳವಾಡಲಿ. ಈ ಜಗಳವಿಲ್ಲದ ಕೋಡಿಂಗ್ ತರಗತಿ ಬರೀ ಟೈಪಿಂಗ್ ತರಗತಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮಕ್ಕಳೇ ಪ್ರೋಗ್ರಾಂ ಹಾಕಬಹುದಾದ, ಮೈಕ್ರೋಬಿಟ್ ಎಂಬ ಅಂಗೈಗಿಂತ ಚಿಕ್ಕ ಬೋರ್ಡು ಸಿಗುತ್ತದೆ. ಅದು ತೋರಿಸುವ ಉಷ್ಣಾಂಶ ಅದರ ಚಿಪ್‌ನದು, ಗಾಳಿಯದಲ್ಲ. ಪಕ್ಕದಲ್ಲೊಂದು ಥರ್ಮಾಮೀಟರ್ ಇಟ್ಟು ವ್ಯತ್ಯಾಸವನ್ನು ಮಕ್ಕಳಿಂದಲೇ ಕಂಡುಹಿಡಿಸಿ.

ಒಂದೆರಡು ಎಚ್ಚರಿಕೆ. ಮಳೆಗಾಲದಲ್ಲಿ ಮಟ್ಟ ಅಳೆಯಲು ಮಕ್ಕಳನ್ನು ಕೆರೆಯ ಅಂಚಿಗೆ ಕಳಿಸಬೇಡಿ. ಬೇಸಿಗೆಯಲ್ಲೇ ತೂಬಿನ ಕಲ್ಲಿಗೆ ಬಣ್ಣದ ಗೆರೆ ಎಳೆಸಿದರೆ ಏರಿಯ ಮೇಲಿಂದ ದೊಡ್ಡವರು ಓದಿ ಹೇಳುತ್ತಾರೆ. ಮಕ್ಕಳ ಪ್ರೋಗ್ರಾಂ ಹೇಳಿದ್ದು ಶಾಲೆಯ ಗೋಡೆಯ ಮೇಲಿರಲಿ, ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹವಾಮಾನ ಇಲಾಖೆಯ ಮುನ್ಸೂಚನೆಯೇ ಹೋಗಲಿ. ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಡಬ್ಬ ಇಟ್ಟರೆ, ಅಕ್ಟೋಬರಿನ ಹಿಂಗಾರು ಹಿಡಿಯುವ ಹೊತ್ತಿಗೆ ಹೋಲಿಸಿ ನೋಡಲು ನಾಲ್ಕು ತಿಂಗಳ ಅಂಕಿ ಮಕ್ಕಳ ಕೈಯಲ್ಲಿರುತ್ತದೆ.