ಬೇಸಾಯದ ಉಪನ್ಯಾಸ ವಿಡಿಯೋಗಳನ್ನು ತಂತ್ರಾಂಶದಿಂದ ಶೀಘ್ರವಾಗಿ ಸಂಕಲಿಸುವ ಕ್ರಮ

ಬೇಸಾಯದ ತಿಳಿವಳಿಕೆಯು ಹೊತ್ತಿಗೆ ಸರಿಯಾಗಿ ದೊರೆತರೆ ಮಾತ್ರವೇ ಫಲಕಾರಿಯಾಗುವುದು. ಮೆಕ್ಕೆಜೋಳದ ಫಾಲ್ ಸೈನಿಕ ಹುಳುವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಮೆರಿಕಾ ಖಂಡದ ಈ ಕೀಟವು ಭಾರತದಲ್ಲಿ ಮೊದಲು ಕಂಡುಬಂದುದು 2018ನೆಯ ಇಸವಿ ಮೇ ತಿಂಗಳಿನಲ್ಲಿ, ಕರ್ನಾಟಕದ ಶಿವಮೊಗ್ಗದಲ್ಲಿ. ಹುಳುಗಳು ಎಳೆಯವಾಗಿರುವಾಗ ಔಷಧಿಯು ಅವುಗಳಿಗೆ ಚೆನ್ನಾಗಿ ತಗಲುವುದು. ಬಲಿತು ಸುಳಿಯೊಳಗೆ ಸೇರಿ, ಹಿಕ್ಕೆಯ ಮರೆಯಲ್ಲಿ ಅಡಗಿದ ಮೇಲೆ ಸಿಂಪಡಣೆಯು ಬಹುಮಟ್ಟಿಗೆ ವ್ಯರ್ಥವಾಗುವುದು. ಆದಕಾರಣ ಜಗಳೂರು ತಾಲ್ಲೂಕು ಬಿಳಿಚೋಡು ಹೋಬಳಿಯಂತಹ ಮಳೆಯಾಶ್ರಿತ ಸೀಮೆಯಲ್ಲಿ ಎರಡು ವಾರ ತಡವಾಗಿ ಬಂದ ಸಲಹೆಯು ಬಾರದೇ ಇದ್ದುದಕ್ಕೆ ಸಮಾನವು.

1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ವ್ಯವಸಾಯದ ಇಲಾಖೆಯು ಸ್ಥಾಪಿತವಾದಂದಿನಿಂದ ಕರಪತ್ರ, ಪ್ರಾತ್ಯಕ್ಷಿಕೆ, ಉಪನ್ಯಾಸಗಳ ಮೂಲಕ ಒಕ್ಕಲಿಗರಿಗೆ ತಿಳಿವಳಿಕೆ ಕೊಡುವುದು ರೂಢಿಯಲ್ಲಿದೆ. ಈಗ ಅದಕ್ಕೆ ವಿಡಿಯೋ ಸೇರಿದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಎಂಬ ಕಾರ್ಯವು, ಆಯಾ ಸೀಮೆಯ ರೈತರಿಂದಲೇ ಮಾತನಾಡಿಸಿದ ವಿಡಿಯೋಗಳನ್ನು ಕರ್ನಾಟಕದ ಹಳ್ಳಿಗಳಲ್ಲಿ ತೋರಿಸಿ, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ ಚರ್ಚೆ ನಡೆಸುವ ಪದ್ಧತಿಯನ್ನು ಪರೀಕ್ಷಿಸಿತು. ಇಂದು ಇಂತಹ ವಿಡಿಯೋಗಳು ಮೊಬೈಲಿನಲ್ಲಿಯೇ ಚಿತ್ರಿತವಾಗಿ, ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹರಡುತ್ತಿರುವುವು. ಇವನ್ನು ಹಂಚುವವರಲ್ಲಿ ಗ್ರಾಮದ ಮುಖಂಡರೂ ಜಮೀನುದಾರರೂ ಮುಂದಾಗಿರುವುದರಿಂದ, ಇವುಗಳ ಸಂಕಲನವು ಹೇಗೆ ನಡೆಯುವುದೆಂಬುದನ್ನು ಅವರು ಅರಿತಿರುವುದು ಒಳ್ಳೆಯದು.

1. ಹೊತ್ತು ಹೋಗುವುದೆಲ್ಲಿ

ಒಬ್ಬರು ಕ್ಯಾಮರಾದ ಎದುರಿಗೆ ನಿಂತು ಮಾತನಾಡುವ ವಿಡಿಯೋದಲ್ಲಿ ಚಿತ್ರದ ಬದಲಾವಣೆ ಕಡಿಮೆ. ಕೆಲಸವೆಲ್ಲ ಮಾತನ್ನು ಹಸನುಗೊಳಿಸುವುದರಲ್ಲಿಯೇ ಇರುವುದು. ಮಾತು ತಡೆದ ಎಡೆಗಳು, "ಏನಪ್ಪಾ ಅಂದ್ರೆ" ಎಂಬಂತಹ ಪಲ್ಲವಿಗಳು, ತಪ್ಪಿ ಮತ್ತೆ ಹೇಳಿದ ವಾಕ್ಯಗಳು, ಇವನ್ನು ಕಾಳಿನಿಂದ ಹೊಟ್ಟನ್ನು ತೂರುವಂತೆ ಬೇರ್ಪಡಿಸಬೇಕು. ಇಪ್ಪತ್ತು ನಿಮಿಷದ ಮಾತಿನಲ್ಲಿ ಒಂದೂವರೆ ಸೆಕೆಂಡಿನ ತಡೆಗಳು 200 ಇವೆಯೆಂದು ಎಣಿಸಿದರೆ, ಐದು ನಿಮಿಷಗಳು ಬರಿಯ ಮೌನವೇ ಆಗುವುದು. ಒಂದೊಂದನ್ನು ಹುಡುಕಿ ಕೈಯಿಂದ ಕತ್ತರಿಸಲು 20 ಸೆಕೆಂಡು ಹಿಡಿದರೂ ಒಂದು ಗಂಟೆಗೆ ಮೇಲ್ಪಟ್ಟ ಶ್ರಮವು ಅದೊಂದಕ್ಕೇ ಸಲ್ಲುವುದು.

2. ತಂತ್ರಾಂಶವು ಮಾಡುವ ಕೆಲಸ

ಈ ಶ್ರಮವನ್ನು ತಗ್ಗಿಸುವ ಉಪಾಯಗಳು ಮುಖ್ಯವಾಗಿ ಎರಡು. ಮೊದಲನೆಯದು ಮೌನವನ್ನು ತಾನಾಗಿ ಕತ್ತರಿಸುವುದು. ಆಟೋ-ಎಡಿಟರ್ ಎಂಬ ಉಚಿತ ತಂತ್ರಾಂಶವು ಧ್ವನಿಯ ಮಟ್ಟವನ್ನು ಅಳೆದು, ಗೊತ್ತುಮಾಡಿದ ಮಟ್ಟಕ್ಕಿಂತ ತಗ್ಗಿದ ಭಾಗಗಳನ್ನು ತೆಗೆದುಹಾಕುವುದು. ಮಾತಿನ ಹಿಂದೆ ಮುಂದೆ ಎಷ್ಟು ಅಂಚು ಬಿಡಬೇಕೆಂಬುದನ್ನು ಬಳಸುವವರು ನಿಗದಿಮಾಡಬಹುದು. ನಿಗದಿಮಾಡದಿದ್ದರೆ ಅದು 0.2 ಸೆಕೆಂಡು ಮಾತ್ರ ಬಿಡುವುದು.

ಎರಡನೆಯದು ಮಾತನ್ನು ಬರಹಕ್ಕಿಳಿಸಿ, ಬರಹದಲ್ಲಿಯೇ ತಿದ್ದುವುದು. 2022ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ವಿಸ್ಪರ್ ಎಂಬ ಸಾಧನವು ಕನ್ನಡವನ್ನೂ ಕೇಳಿ ಬರೆಯಬಲ್ಲುದು. ಕೆಡೆನ್‌ಲೈವ್ ಎಂಬ ಉಚಿತ ಸಂಕಲನ ತಂತ್ರಾಂಶದಲ್ಲಿ ಇದನ್ನು ಜೋಡಿಸಿಕೊಂಡರೆ ಉಪನ್ಯಾಸವು ಪುಟದ ಮೇಲೆ ಅಕ್ಷರಗಳಾಗಿ ಕಾಣುವುದು. ಬೇಡದ ವಾಕ್ಯವನ್ನು ಗುರುತಿಸಿ ತೆಗೆದುಬಿಟ್ಟರೆ ಅದಕ್ಕೆ ಹೊಂದಿದ ಚಿತ್ರವೂ ಹೋಗುವುದು. ಅದೇ ಬರಹವನ್ನು ತಿದ್ದಿ ಅಡಿಬರಹವಾಗಿಯೂ ಬಳಸಿಕೊಳ್ಳಬಹುದು. ಆದರೆ ವಿಸ್ಪರ್ ಇಂಗ್ಲಿಷಿನಲ್ಲಿ ಬರೆಯುವಷ್ಟು ಶುದ್ಧವಾಗಿ ಕನ್ನಡದಲ್ಲಿ ಬರೆಯಲಾರದು. ಔಷಧಿಗಳ ಹೆಸರುಗಳಲ್ಲಿಯೂ ಊರುಗಳ ಹೆಸರುಗಳಲ್ಲಿಯೂ ಹೆಚ್ಚಾಗಿ ಎಡವುವುದು.

3. ಕನ್ನಡದ ಮಾತಿಗೆ ವಿಶೇಷವಾದ ಅಪಾಯ

ಕನ್ನಡದಲ್ಲಿ ವಿಧಿನಿಷೇಧಗಳೆರಡೂ ವಾಕ್ಯದ ಕೊನೆಯಲ್ಲಿಯೇ ಬರುವುವು. ಸಿಂಪಡಿಸಬಹುದು, ಸಿಂಪಡಿಸಬಾರದು, ಕೂಡಿಸಬೇಕು, ಕೂಡಿಸಬೇಕಾಗಿಲ್ಲ, ಇವುಗಳ ಭೇದವೆಲ್ಲ ಕಟ್ಟಕಡೆಯ ಅಕ್ಷರಗಳಲ್ಲಿದೆ. ಮಾತನಾಡುವವರ ಧ್ವನಿಯಾದರೋ ವಾಕ್ಯದ ಕೊನೆಗೆ ಇಳಿಯುವುದು ಸಹಜ. ಧ್ವನಿಯ ಮಟ್ಟವನ್ನಷ್ಟೇ ನೋಡುವ ತಂತ್ರಾಂಶವು ಇಳಿದ ಧ್ವನಿಯನ್ನು ಮೌನವೆಂದು ಭಾವಿಸಿ ಬಾಲವನ್ನು ಕತ್ತರಿಸಬಹುದು. "ನಡು ಬಿಸಿಲಿನಲ್ಲಿ ಸಿಂಪಡಣೆ" ಎಂದು ಹೇಳಿ, ಕ್ಷಣಕಾಲ ನಿಂತು, ಮೆಲ್ಲನೆ "ಬೇಡ" ಎಂದವರ ಮಾತು, ಕತ್ತರಿಸಿದ ಮೇಲೆ ನಡು ಬಿಸಿಲಿನಲ್ಲಿಯೇ ಸಿಂಪಡಿಸಿರೆಂಬ ಅರ್ಥವನ್ನು ಕೊಡುವುದು.

ಪ್ರಮಾಣಗಳ ವಿಷಯದಲ್ಲಿಯೂ ಇದೇ ಭಯವುಂಟು. ಮೇಲ್ಕಂಡ ಹುಳುವಿಗೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್.ಜಿ. ಔಷಧಿಯನ್ನು ಲೀಟರ್ ನೀರಿಗೆ 0.4 ಗ್ರಾಂನಂತೆ ಬೆರಸಿ ಸುಳಿಗೆ ಬೀಳುವಂತೆ ಸಿಂಪಡಿಸಲು ಶಿಫಾರಸು ಇದೆ. "ಸೊನ್ನೆ ಬಿಂದು" ಎಂಬ ಎರಡು ಪದಗಳು ಬಿದ್ದುಹೋದರೆ ಉಳಿಯುವುದು ನಾಲ್ಕು ಗ್ರಾಂ, ಎಂದರೆ ಹತ್ತು ಪಟ್ಟು ವಿಷ. ಸಿಂಪಡಿಸುವ ಆಳಿಗೂ, ಮೇವು ತಿನ್ನುವ ದನಕ್ಕೂ, ಜಮೀನುದಾರರ ಹಣಕ್ಕೂ ಇದರಿಂದ ಒದಗುವ ಕೇಡು ಸಾಮಾನ್ಯವಾದುದಲ್ಲ.

ಇದಲ್ಲದೆ, ಎಲ್ಲ ಮೌನವೂ ಹೊಟ್ಟಲ್ಲ. ಪ್ರಮಾಣವನ್ನು ಹೇಳಿದ ಬಳಿಕ ಇರುವ ಎರಡು ಮೂರು ಸೆಕೆಂಡುಗಳಲ್ಲಿಯೇ ಕೇಳುವವರು ಅದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವರು, ಇಲ್ಲವೆ ಚೀಟಿಯಲ್ಲಿ ಬರೆದುಕೊಳ್ಳುವರು. ಆ ಎಡೆಯನ್ನು ಕತ್ತರಿಸಿದರೆ ವಿಡಿಯೋ ಚುರುಕಾಗುವುದು. ತಿಳಿವಳಿಕೆ ಮಾತ್ರ ನಿಲ್ಲದು.

4. ಅನುಸರಿಸತಕ್ಕ ಕ್ರಮ

(ಅ) ಚಿತ್ರೀಕರಣವನ್ನು ಗಾಳಿ, ಪಂಪುಸೆಟ್ಟು, ವಾಹನಗಳ ಸದ್ದಿಲ್ಲದ ಕಡೆ ಮಾಡತಕ್ಕದ್ದು. ಕೊರಳ ಹತ್ತಿರ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಬಳಸಿದರೆ ಮಾತಿಗೂ ಮೌನಕ್ಕೂ ಇರುವ ಅಂತರವು ತಂತ್ರಾಂಶಕ್ಕೆ ಸ್ಪಷ್ಟವಾಗುವುದು.

(ಆ) ಮಾತು ತಪ್ಪಿದಾಗ ಒಮ್ಮೆ ಚಪ್ಪಾಳೆ ತಟ್ಟಿ, ವಾಕ್ಯವನ್ನು ಮೊದಲಿನಿಂದ ಹೇಳಬೇಕು. ಧ್ವನಿಯ ರೇಖೆಯಲ್ಲಿ ಚಪ್ಪಾಳೆಯು ಎತ್ತರದ ಮೊನೆಯಾಗಿ ಕಾಣುವುದರಿಂದ ತಪ್ಪಿದ ಸ್ಥಳವು ಒಡನೆಯೇ ಸಿಕ್ಕುವುದು.

(ಇ) ನಿಷೇಧವನ್ನು ವಾಕ್ಯದ ಕೊನೆಗೆ ಮಾತ್ರ ಬಿಡದೆ, "ಇದು ಕೂಡದು, ಕೇಳಿರಿ" ಎಂದು ಮೊದಲೇ ಗಟ್ಟಿಯಾಗಿ ಹೇಳಿಸತಕ್ಕದ್ದು. ಪ್ರಮಾಣವನ್ನು ಎರಡು ಸಲ ಹೇಳಿಸಬೇಕು.

(ಈ) ಮೌನ ಕತ್ತರಿಸುವಾಗ ಅಂಚನ್ನು ಅರ್ಧ ಸೆಕೆಂಡಿಗೆ ಏರಿಸತಕ್ಕದ್ದು. ಪ್ರಮಾಣ ಹೇಳುವ ಭಾಗವನ್ನು ಈ ಕತ್ತರಿಗೆ ಒಡ್ಡದೆ ಬೇರೆಯಾಗಿ ಇರಿಸಿಕೊಂಡು, ಆಮೇಲೆ ಕೈಯಿಂದ ಜೋಡಿಸುವುದು ಲೇಸು.

(ಉ) ಔಷಧಿಯ ಹೆಸರು, ಪ್ರಮಾಣ, ಸಿಂಪಡಿಸುವ ವೇಳೆ, ಇವನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸಬೇಕು. ಯಂತ್ರವು ಬರೆದುದನ್ನು ತಿದ್ದದೆ ಹಾಕಕೂಡದು.

(ಊ) ಕತ್ತರಿಸದ ಮೂಲವನ್ನು ಹಂಗಾಮು ಮುಗಿಯುವವರೆಗೂ ಕಾಯ್ದಿಡತಕ್ಕದ್ದು.

(ಋ) ಮುಗಿದ ವಿಡಿಯೋವನ್ನು ಮಾತನಾಡಿದವರೂ, ಸಂಕಲನದಲ್ಲಿ ಪಾಲುಗೊಳ್ಳದ ಮತ್ತೊಬ್ಬ ರೈತರೂ ಮೊದಲಿನಿಂದ ಕೊನೆಯವರೆಗೆ ಕೇಳಿದ ಹೊರತು ಹಂಚಕೂಡದು. ರೈತರು ಪ್ರಮಾಣವನ್ನೂ ನಿಷೇಧಗಳನ್ನೂ ತಮ್ಮ ಬಾಯಿಂದ ತಿರುಗಿ ಹೇಳುವಂತಿರಬೇಕು. ಅವರು ತಪ್ಪಿದರೆ ದೋಷವು ವಿಡಿಯೋದ್ದೆಂದು ತಿಳಿಯತಕ್ಕದ್ದು.

ಈ ಕೊನೆಯ ಪರೀಕ್ಷೆಗೆ ಹಿಡಿಯುವುದು ವಿಡಿಯೋದ ಉದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಮಾತ್ರ. ತಂತ್ರಾಂಶವು ಉಳಿಸಿಕೊಟ್ಟ ಗಂಟೆಯಲ್ಲಿ ಒಂದು ಭಾಗವನ್ನು ಇದಕ್ಕೆ ಮೀಸಲಿಟ್ಟರೆ ಶೀಘ್ರತೆಯೂ ನಿಜವೂ ಜೊತೆಯಾಗಿ ನಡೆಯುವುವು. ಗುಂಪಿಗೆ ಕಳುಹಿಸುವ ಮೊದಲು ಇಂತಹ ಪರೀಕ್ಷೆ ನಡೆದಿದೆಯೇ ಎಂದು ಮುಖಂಡರು ವಿಚಾರಿಸತಕ್ಕದ್ದು. ಸಂದೇಹವಿದ್ದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಪ್ರಮಾಣವನ್ನು ಕೇಳಿ ನಿಶ್ಚಯಿಸಿಕೊಂಡ ಮೇಲೆಯೇ ಮುಂದಕ್ಕೆ ಕಳುಹಿಸತಕ್ಕದ್ದು.